ಇಲ್ಲದ ಎರಡು ಬೆಳ್ಳಕ್ಕಿ

ನಾನು ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ವಿಜಯಪುರದಿಂದ ಟಿಕೋಟಾ, ವಿಜಯಪುರದಿಂದ ಬಬಲೇಶ್ವರ, ಅವೇ ಎರಡು ರಸ್ತೆ, ಅದೇ ಧೂಳು. ಆ ನೌಕರಿ ನನಗೆ ಪಿಂಚಣಿಯ ಜೊತೆಗೆ ಒಂದು ಸ್ವಭಾವವನ್ನೂ ಕಟ್ಟಿಕೊಟ್ಟಿತು. ಯಾರು ಏನೇ ಹೇಳಲಿ, ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಮಾತು ಕೇಳುತ್ತೇನೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಅನ್ನಿಸುತ್ತದೆ. ಮನೆಯಲ್ಲಿ ಯಾರಾದರೂ ಚಹಾ ತಾವಾಗಿಯೇ ಮಾಡಿಕೊಟ್ಟರೆ ಏನು ಒಡೆದಿದ್ದಾರೆ ಎಂದು ಅಡುಗೆಮನೆಗೆ ಹೋಗಿ ನೋಡುತ್ತೇನೆ.

ಟಿಕೆಟ್ ಇಲ್ಲದವರನ್ನು ಹಿಡಿಯಲು ನನ್ನದೇ ಒಂದು ವಿದ್ಯೆ ಇತ್ತು. ಟಿಕೆಟ್ ತಗೊಂಡೀನ್ರಿ, ಎಲ್ಲಿ ಬಿತ್ತೋ ಏನೋ ಎಂದು ಕಿಸೆ ತಡಕುವವನ ಜೊತೆ ನಾನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಮೆತ್ತಗೆ ಕೇಳುತ್ತಿದ್ದೆ: ಸ್ಟ್ಯಾಂಡಿನಲ್ಲಿ ಕುರಿಮರಿ ಹಿಡಿದುಕೊಂಡು ಒಬ್ಬ ಮುದುಕಿ ಹತ್ತಿದಳಲ್ಲ, ಅವಳ ಹಿಂದೆಯೇ ನೀವು ಟಿಕೆಟ್ ತಗೊಂಡಿರಿ, ಹೌದಲ್ಲ? ಅವನು ಕೂಡಲೇ ಹೌದು ಅನ್ನುತ್ತಿದ್ದ, ಆ ಮುದುಕಿಯ ಹಿಂದೆಯೇ. ಅಂಥ ಮುದುಕಿ ಯಾವತ್ತೂ ಹತ್ತಿರಲಿಲ್ಲ. ಸುಳ್ಳು ಹೇಳುವವನು ನಾವು ಕೊಟ್ಟ ಸುಳ್ಳನ್ನೂ ಬೇಡವೆನ್ನದೆ ತೆಗೆದುಕೊಳ್ಳುತ್ತಾನೆ. ನನ್ನ ಕೈಗೆ ಸಿಕ್ಕವರು ಮುಂದಿನ ಸ್ಟಾಪಿನಲ್ಲಿ ತಲೆ ತಗ್ಗಿಸಿ ಇಳಿದುಹೋಗುತ್ತಿದ್ದರು, ನನಗೆ ಆ ದಿನವೆಲ್ಲ ಖುಷಿ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ಆ ಖುಷಿಯನ್ನು ನಮ್ಮ ಶೆಡ್ಡಿಗೆ ತಂದೆ. ನಮ್ಮ ದ್ರಾಕ್ಷಿ ತೋಟ ಬಬಲೇಶ್ವರದ ಹತ್ತಿರ ಇದೆ. ಒಣದ್ರಾಕ್ಷಿ ಮಾಡುವ ಶೆಡ್ಡು ಟಿಕೋಟಾದ ಕಡೆ. ಬಲೆಯ ಮೇಲೆ ಹರವಿದ ಹಣ್ಣು ಹದಿನೈದು ದಿನಕ್ಕೆ ಒಣಗುತ್ತದೆ. ಆಮೇಲೆ ಹೆಂಗಸರು ಸಾಲಾಗಿ ಕುಳಿತು ಹಸಿರು, ಹಳದಿ, ಕಂದು ಎಂದು ಬಣ್ಣ ನೋಡಿ ಬೇರೆ ಮಾಡುತ್ತಾರೆ, ಹಸಿರಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಸಾಲಿನ ಕೊನೆಗೆ, ಬಾಗಿಲ ಬೆಳಕಿನಲ್ಲಿ, ನಮ್ಮವರು ಕೂರುತ್ತಿದ್ದರು. ಕೊನೆಯ ನೋಟ ಅವರದು. ಟ್ರೇ ನೋಡಿ ಹೂಂ ಅಂದರೆ ಅದು ಹಸಿರು ಬಾಕ್ಸಿಗೆ, ತಲೆ ಆಡಿಸಿದರೆ ಹಿಂದಕ್ಕೆ. ಅವರು ನೋಡಿದ ಬಾಕ್ಸನ್ನು ಮಾರುಕಟ್ಟೆಯಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ ಎಂಬ ಹೆಸರಿತ್ತು. ನಮ್ಮವರಿಗೆ ಅದರ ಜಂಬವೂ ಇತ್ತು. ನಾನು ಬಾಗಿಲಲ್ಲಿ ನಿಂತು ಎಲ್ಲರ ಕೈ ನೋಡುತ್ತಿದ್ದೆ.

ಕಳೆದ ವರ್ಷ ಯುಗಾದಿಯಾದ ಮೇಲೆ ಮಾರುಕಟ್ಟೆಯಿಂದ ಹನ್ನೊಂದು ಬಾಕ್ಸ್ ವಾಪಸು ಬಂದವು. ಮೇಲೆ ಹಸಿರು ಎಂದು ಚೀಟಿ, ಒಳಗೆ ಅರ್ಧಕ್ಕರ್ಧ ಕಂದು. ನಮ್ಮವರು ಬಾಕ್ಸುಗಳನ್ನು ನೋಡಿ ಮೂಲೆಗೆ ಸರಿಸಿದರು. ನನಗಂತೂ ಕಿವಿ ನೆಟ್ಟಗಾದವು. ಯಾರೋ ಒಳ್ಳೆಯ ಮಾಲು ತೆಗೆದು ಕೆಟ್ಟದ್ದು ತುಂಬುತ್ತಿದ್ದಾರೆ ಎಂದು ತೀರ್ಮಾನಿಸಿ ಮರುದಿನದಿಂದ ಬಾಗಿಲು ಬಿಟ್ಟು ಕದಲಲಿಲ್ಲ. ಎರಡನೆಯ ದಿನವೇ ಸಿಕ್ಕಿತು. ನಮ್ಮವರ ಪಕ್ಕದಲ್ಲೇ ಕೂರುತ್ತಿದ್ದ ಹೆಂಗಸು, ಇಟ್ಟಂಗಿಹಾಳದವಳು, ಒಂಬತ್ತು ವರ್ಷದಿಂದ ನಮ್ಮಲ್ಲಿ ಬರುವವಳು, ನಮ್ಮವರು ಹೂಂ ಅಂದು ಮುಗಿಸಿದ ಬಾಕ್ಸಿಗೆ ಸರಕ್ಕನೆ ಕೈ ಹಾಕಿ ಒಂದು ಹಿಡಿ ತೆಗೆದು ಮಡಿಲಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ.

ನಾನು ಎಲ್ಲ ಹೆಂಗಸರ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ, ಎಷ್ಟು ದಿನದಿಂದ ಈ ಕೈಚಳಕ ಎಂದು ಕೇಳಿದೆ. ಅವಳು ಒಮ್ಮೆ ನಮ್ಮವರ ಕಡೆ ನೋಡಿದಳು. ನಮ್ಮವರು ಟ್ರೇಯ ಮೇಲೆ ಕಣ್ಣು ನೆಟ್ಟಿದ್ದರು. ತಪ್ಪು ಮಾಡಿದವರು ಯಜಮಾನರ ಮುಖ ನೋಡುವುದು ನನಗೆ ಹೊಸದಲ್ಲ, ಬಸ್ಸಿನಲ್ಲಿ ಡ್ರೈವರನ ಕಡೆ ನೋಡುತ್ತಿದ್ದರು, ಅಷ್ಟೆ. ಅವಳು ಮಡಿಲಿನಲ್ಲಿದ್ದದ್ದನ್ನು ನೆಲದ ಮೇಲೆ ಸುರಿದು, ಸೆರಗು ಕೊಡವಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಸುರಿದದ್ದು ಯಾವ ಬಣ್ಣದ್ದು ಎಂದು ನಾನು ನೋಡಲಿಲ್ಲ. ಕಳ್ಳಿಯನ್ನು ಹಿಡಿದ ಮೇಲೆ ಅದನ್ನೆಲ್ಲ ಯಾರು ನೋಡುತ್ತಾರೆ?

ಆ ಹಂಗಾಮಿನ ಮಾಲೂ ಅದೇ ವಾರ ಮುಗಿಯಿತು. ಆಮೇಲೆ ಬಂತು ಒಂದು ಪ್ರವಾಸದ ಸುದ್ದಿ. ಸೊಲ್ಲಾಪುರ ರಸ್ತೆಯಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟವರೊಬ್ಬರಿದ್ದಾರೆ. ಅವರ ಕಾಯಂ ಗಿರಾಕಿಗಳಲ್ಲಿ ಕೆಲವು ಜೋಡಿಗಳನ್ನು ವಿದೇಶಕ್ಕೆ ಪುಕ್ಕಟೆ ಕರೆದುಕೊಂಡು ಹೋಗುತ್ತಾರಂತೆ, ಸಮುದ್ರದಾಚೆಯ ಬೋರ್ನಿಯೋ ದ್ವೀಪಕ್ಕೆ, ಮಳೆಕಾಡಿನ ಹೊಳೆಯಲ್ಲಿ ದೋಣಿಯ ಮೇಲೆ ಕೂರಿಸಿ ಕಾಡುಪ್ರಾಣಿ ತೋರಿಸುತ್ತಾರಂತೆ. ಪುಕ್ಕಟೆ ಎಂಬ ಮಾತು ಕೇಳಿದ್ದೇ ನನ್ನ ಹುಬ್ಬು ಮೇಲೇರಿತು. ಅಂಗಡಿಯವರನ್ನು ಮನೆಗೆ ಕರೆಸಿ ಎರಡು ತಾಸು ವಿಚಾರಿಸಿದೆ. ಪಾಪ, ಅವರು ನಾಲ್ಕು ಸಲ ನೀರು ಕುಡಿದರು. ನಮ್ಮವರು ಹೋಗುವುದೇ ಬೇಡ ಎಂದರು. ಎಂದೂ ಯಾವ ಊರಿಗೂ ಬೇಡ ಅನ್ನದ ಮನುಷ್ಯ ಬೇಡ ಅಂದದ್ದಕ್ಕೇ ನಾನು ಹಟ ಹಿಡಿದು ಹೊರಡಿಸಿದೆ. ಕಾರಹುಣ್ಣಿಮೆ ಮುಗಿಸಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ವಿಮಾನ ಹತ್ತಿದೆವು. ನಮ್ಮವರು ಯಾರಿಗಾದರೂ ಕೊಡೋಣ ಎಂದು ಒಣದ್ರಾಕ್ಷಿಯ ಒಂದು ಪೊಟ್ಟಣ ತಾವೇ ಆರಿಸಿ ಕಟ್ಟಿದರು, ನಂಬರ್ ಒನ್ ಹಸಿರು ಮಾಲು ಎಂದರು.

ಹೊಳೆ ಎಂದರೆ ನನಗೆ ಕೃಷ್ಣೆ. ಎರಡೂ ದಂಡೆ ಬಿಸಿಲಲ್ಲಿ ಬಿದ್ದುಕೊಂಡು, ಯಾರು ಎಲ್ಲಿ ನಿಂತಿದ್ದಾರೆ ಎಂದು ದೂರದಿಂದಲೇ ಕಾಣಬೇಕು. ಇಲ್ಲಿಯದು ಬೇರೆಯೇ ಆಟ. ಚಹಾದ ಬಣ್ಣದ ನೀರು, ನೀರಿನ ಅಂಚಿನಿಂದಲೇ ಎದ್ದ ಕಾಡು, ಬಳ್ಳಿಗೆ ಬಳ್ಳಿ ಸುತ್ತಿ, ಎಲೆಯ ಹಿಂದೆ ಎಲೆ. ಏನು ಬೇಕಾದರೂ ಅಡಗಿ ಕೂರಬಹುದಾದ ಜಾಗ. ನನ್ನ ಊರಿನ ಬಯಲಿನಲ್ಲಿ ನಾಯಿ ಎದ್ದು ಮೈ ಕೊಡವಿದರೆ ಮುಂದಿನ ಊರಿಗೆ ಕಾಣುತ್ತದೆ. ಇಲ್ಲಿ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ ಎಂದರು. ಹಾಗಾದರೆ ಆನೆ ಇದೆ ಎಂದು ನಂಬುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅಂಗಡಿಯವರು ನಕ್ಕರು. ನಾನು ಸುಮ್ಮನೆ ಕೇಳಿದ್ದಲ್ಲ.

ದೋಣಿಯಲ್ಲಿ ಹತ್ತು ಜನ. ಹಿಂದೆ ಕುಳಿತು ದೋಣಿ ನಡೆಸುತ್ತ ಪ್ರಾಣಿ ತೋರಿಸುವವನು ಆ ಊರಿನವನೇ, ನಡುವಯಸ್ಸಿನ ಒಣಕಲು ಮನುಷ್ಯ. ಅವನು ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಂಗಡಿಯವರು ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಇಬ್ಬರನ್ನೂ ನಂಬಲಿಲ್ಲ. ಮೊದಲ ದಿನ ಬೆಳಿಗ್ಗೆ ಕೆಸರಿನ ದಂಡೆಯಲ್ಲಿ ಒಂದು ಮೊಸಳೆ ತೋರಿಸಿದ. ಮಧ್ಯಾಹ್ನ ಇನ್ನೊಂದು ತಿರುವಿನಲ್ಲಿ ಇನ್ನೊಂದು. ಎರಡೂ ಒಂದೇ ಮೊಸಳೆ, ಇವನ ಕಡೆಯವರು ಯಾರೋ ಸಾಗಿಸಿ ಇಡುತ್ತಾರೆ ಎಂದು ನನಗೆ ಗುಮಾನಿ. ಮೊದಲನೆಯದರ ಬಾಲದ ತುದಿ ಮೊಂಡಾಗಿದ್ದದ್ದನ್ನು ಗುರುತಿಟ್ಟುಕೊಂಡಿದ್ದೆ. ಎರಡನೆಯದಕ್ಕೆ ತುದಿ ನೆಟ್ಟಗಿತ್ತು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯೇ ಆಯಿತು.

ಕೆಂಪು ಕೂದಲಿನ ದೊಡ್ಡ ಒರಾಂಗುಟಾನ್ ಹಣ್ಣಿನ ಮರದಲ್ಲಿ ಕುಳಿತು ನಮ್ಮನ್ನು ನೋಡಿದಾಗ, ಒಳಗೆ ಮನುಷ್ಯನಿದ್ದಾನೋ ಎಂದು ಕೈಬೆರಳು ನೋಡಿದೆ. ಅದು ಕೊಂಬೆ ಮುರಿದು ನಮ್ಮ ಕಡೆ ಎಸೆದು ಹೋಯಿತು. ಜೋಲು ಮೂಗಿನ ಮಂಗಗಳ ಹಿಂಡು ಹೊಳೆ ದಾಟಲು ಒಂದೊಂದಾಗಿ ಹಾರಿದವು. ಆ ಮೂಗನ್ನು ಮಾತ್ರ ಯಾರೂ ಅಂಟಿಸಲು ಸಾಧ್ಯವಿಲ್ಲ ಎಂದು ಒಪ್ಪಿಕೊಂಡೆ. ಮಂಗಟ್ಟೆ ಹಕ್ಕಿಗಳು ತಲೆಯ ಮೇಲೆ ಸದ್ದು ಮಾಡುತ್ತ ಹೋದವು. ನಾನು ಎಲ್ಲದಕ್ಕೂ ಒಂದು ಅನುಮಾನ ಇಟ್ಟುಕೊಂಡು, ಒಂದೊಂದನ್ನಾಗಿ ಕೈಬಿಡುತ್ತ ಬಂದೆ.

ನಮ್ಮವರಿಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ಯಾರಾದರೂ ಬೆರಳು ಚಾಚಿದರೆ ಸಾಕು, "ಹೂಂ, ಕಂಡ್ತು, ಕಂಡ್ತು" ಅನ್ನುತ್ತಿದ್ದರು. ಬೇರೆಯವರು ಎಲ್ಲಿ, ಎಲ್ಲಿ ಎಂದು ಹಲುಬುತ್ತಿರುವಾಗ ಇವರಿಗೆ ಆಗಲೇ ಕಂಡಿರುತ್ತಿತ್ತು. ಮಾಲು ನೋಡಿ ಪಳಗಿದ ಕಣ್ಣು ಎಂದು ಅಂಗಡಿಯವರು ಹೊಗಳಿದರು. ನನಗೂ ಹೆಮ್ಮೆಯಾಯಿತು.

ಎರಡನೆಯ ದಿನ ಬೆಳಿಗ್ಗೆ ಮಂಜು ಹರಿದು ಬಿಸಿಲು ಬಿದ್ದಿತ್ತು. ದೋಣಿಯವನು ದಂಡೆಯ ಕಡೆ ಕೈ ತೋರಿಸಿ ಏನೋ ಅಂದ. ನಮ್ಮವರು ಕೂಡಲೇ, ಅಬ್ಬಾ, ಎಂಥಾ ಮೊಸಳೆ, ಬಾಯಿ ತೆರೆದೈತಿ ನೋಡು ಎಂದರು. ಅಂಗಡಿಯವರು ದೋಣಿಯವನ ಮಾತನ್ನು ಕನ್ನಡಕ್ಕೆ ತಂದರು: ಅದು ಮೊಸಳೆ ಅಲ್ಲವಂತೆ, ಬರೀ ಕೊರಡು, ಹೊಸಬರೆಲ್ಲ ಮೋಸ ಹೋಗ್ತಾರಂತೆ. ದೋಣಿಯಲ್ಲಿ ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಕೊರಡು ನಮ್ಮಿಂದ ಎರಡು ಮಾರು ದೂರದಲ್ಲಿತ್ತು. ಅದರ ಮೇಲೆ ಅಣಬೆ ಬೆಳೆದಿತ್ತು. ನಾನು ನಗಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮವರು ಪೊಟ್ಟಣ ಬಿಚ್ಚಿ ದೋಣಿಯವನ ಕೈಗೆ ಒಣದ್ರಾಕ್ಷಿ ಸುರಿದರು. ನಮ್ಮೂರಿನ ಹಸಿರು ಮಾಲು ಅಂತ ಹೇಳ್ರಿ ಎಂದು ಅಂಗಡಿಯವರಿಗೆ ಹೇಳಿದರು. ಅವನು ಒಂದು ಬಾಯಿಗೆ ಹಾಕಿಕೊಂಡು ತಲೆದೂಗಿದ. ನಾನು ಅವನ ಅಂಗೈ ನೋಡಿದೆ. ಬಿಸಿಲು ನೇರವಾಗಿ ಬಿದ್ದಿತ್ತು. ಅಂಗೈ ತುಂಬ ಕಂದು. ಹುಡುಕಿದರೂ ಐದಾರು ಹಸಿರು ಕಾಳು ಇರಲಿಲ್ಲ.

ಇಪ್ಪತ್ತಾರು ವರ್ಷ ನನ್ನ ಹೊಟ್ಟೆಪಾಡಿಗೆ ಆಗಿಬಂದಿದ್ದ ಪ್ರಶ್ನೆ ತಾನಾಗಿಯೇ ನಾಲಿಗೆಗೆ ಬಂತು. ಕೇಳಬಾರದು ಎಂದುಕೊಂಡೆ, ಆದರೂ ಕೇಳಿದೆ. ಎದುರಿಗೆ ನೀರಿನ ಮೇಲೆ ಬಾಗಿದ ಒಂದು ಬೋಳು ಮರ ಇತ್ತು. ಅದರ ಮೇಲೆ ಎಲೆಯೂ ಇರಲಿಲ್ಲ.

"ರೀ, ಆ ಬಾಗಿದ ಮರದ ಮ್ಯಾಲ ಎರಡು ಬೆಳ್ಳಕ್ಕಿ ಕುಂತಾವಲ್ಲ, ಕಂಡುವೇನು?"

"ಹೂಂ, ಎರಡೂ ಕಂಡುವು" ಎಂದರು.

ಬಸ್ಸಿನಲ್ಲಾಗಿದ್ದರೆ ಸೀಟಿ ಊದುತ್ತಿದ್ದೆ. ದೋಣಿ ಸುಮ್ಮನೆ ಮುಂದೆ ಹೋಯಿತು, ಮರ ಹಿಂದೆ ಸರಿಯಿತು. ನಮ್ಮವರು ಇನ್ನೂ ಆ ಕಡೆಗೇ ಮುಖ ಮಾಡಿಕೊಂಡು, ಇಲ್ಲದ ಹಕ್ಕಿಗಳನ್ನು ನೋಡುತ್ತ ಕುಳಿತಿದ್ದರು. ಗಂಡನನ್ನು ಹಿಡಿದೆ ಎಂಬ ಖುಷಿ ನನಗೆ ಒಂದು ಚೂರೂ ಬರಲಿಲ್ಲ. ಭಯವಾಯಿತು. ಅವರ ಕಿವಿಯ ಹತ್ತಿರ ಬಾಗಿ, ಅಲ್ಲಿ ಹಕ್ಕಿ ಇಲ್ಲ ಎಂದೆ. ಅವರು ಪೊಟ್ಟಣದ ಬಾಯಿ ಮಡಚಿ ಕಟ್ಟಿದರು.

ಆಮೇಲೆ ಎಂಜಿನ್ನಿನ ಸದ್ದಿನ ಮರೆಯಲ್ಲಿ ಹೇಳಿದರು. ಎರಡು ವರ್ಷವಾಯಿತಂತೆ. ಹಸಿರು, ಹಳದಿ, ಕಂದು ಎಲ್ಲವೂ ಒಂದೇ ಥರ, ಹೊಗೆ ಹಿಡಿದ ಗಾಜಿನ ಹಿಂದಿನಿಂದ ಕಂಡಂತೆ ಕಾಣುತ್ತದಂತೆ. ಟ್ರೇಯನ್ನು ಕೈಯಿಂದ ಮುಟ್ಟಿ, ಹೆಂಗಸರ ಮಾತಿನ ಧಾಟಿ ಕೇಳಿ, ಅಂದಾಜಿನ ಮೇಲೆ ಹೂಂ ಅನ್ನುತ್ತಿದ್ದರಂತೆ. ಕಣ್ಣು ಹೋಯಿತು ಎಂದರೆ ಮಾರುಕಟ್ಟೆಯಲ್ಲಿ ಹೆಸರು ಹೋಗುತ್ತದೆ ಎಂಬ ಹೆದರಿಕೆಯಿಂದ ನನಗೂ ಹೇಳಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಇಡೀ ಶೆಡ್ಡನ್ನು ಕಾಯುತ್ತಿದ್ದೆ. ನನ್ನ ಮೊಣಕಾಲ ಬಳಿ ಕುಳಿತವರನ್ನೇ ನೋಡಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರೇ ಹೇಳಿದರು.

"ಅಕಿ ಬಾಕ್ಸಿನ್ಯಾಗ ಕೈ ಹಾಕತಿದ್ದದ್ದು ಕಂದು ಕಾಳು ತಗಿಯಾಕ. ನನ್ನ ತಪ್ಪು ನಾಕ ಮಂದಿಗೆ ಕಾಣಬಾರದು ಅಂತ."

"ಮತ್ತ ಅವತ್ತ್ಯಾಕ ಸುಮ್ಮನಿದ್ರಿ?"

"ನೀ ಅಕಿನ್ನ ಕೇಳಿದಿ" ಎಂದರು. "ನನ್ನ ಕೇಳಲಿಲ್ಲ."

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೋಣಿಯಿಂದ ಇಳಿದು ನಡೆದೇ ಹೋಗಿಬಿಡೋಣ ಅನ್ನಿಸಿತು. ಆ ಸಿಟ್ಟಿನ ಅರ್ಧ ನನ್ನ ಮೇಲೆಯೇ ಇತ್ತು. ಆಮೇಲೆ ಆ ಹೊಳೆಯಲ್ಲಿ ಎರಡು ದಿನ ಇದ್ದೆವು. ಆನೆಯ ಹಿಂಡೂ ಬಂತು, ಮರಿಗಳು ಸೊಂಡಿಲು ಎತ್ತಿ ಈಜಿ ದಾಟಿದವು. ಇಡೀ ದೋಣಿ ಉಸಿರು ಬಿಗಿಹಿಡಿದು ನೋಡಿತು. ನಾನು ಒಂದೊಂದನ್ನೂ ನಮ್ಮವರ ಕಿವಿಯಲ್ಲಿ ಹೇಳುತ್ತ ಹೋದೆ. ಎಡಕ್ಕೆ ಐದು, ಒಂದು ಮರಿ, ದಂಡೆ ಹತ್ತುತ್ತಿದೆ, ಜಾರಿತು, ತಾಯಿ ನೂಕಿತು. ಅವರು ತಲೆ ಆಡಿಸುತ್ತ ಕೇಳಿದರು. ಈ ಸಲ ಕಂಡ್ತು ಅನ್ನಲಿಲ್ಲ.

ಊರಿಗೆ ಬಂದವಳೇ ಚೀಲ ಬಿಚ್ಚದೆ ಶೆಡ್ಡಿಗೆ ಹೋಗಿ ವಾಪಸು ಬಂದ ಹನ್ನೊಂದು ಬಾಕ್ಸ್ ತೆಗೆದು ನೋಡಿದೆ. ಪ್ರತಿ ಬಾಕ್ಸಿನ ಚೀಟಿಯ ಮೇಲೂ ತುಂಬಿದ ದಿನ ಬರೆದಿತ್ತು. ಹನ್ನೊಂದೂ ಒಂದೇ ವಾರದವು. ಆ ವಾರ ಇಟ್ಟಂಗಿಹಾಳದವಳು ಮಗಳ ಬಾಣಂತನಕ್ಕೆಂದು ರಜೆ ಹಾಕಿ ಹೋಗಿದ್ದಳು. ಅವಳಿದ್ದ ದಿನಗಳ ಒಂದು ಬಾಕ್ಸೂ ವಾಪಸು ಬಂದಿರಲಿಲ್ಲ. ಟಿಕೆಟ್ಟಿನ ಹಿಂದಿನ ಸಣ್ಣಕ್ಷರವನ್ನೂ ಓದುತ್ತಿದ್ದವಳು ನಾನು. ಕಣ್ಣೆದುರಿಗಿದ್ದ ಚೀಟಿ ಓದಿರಲಿಲ್ಲ.

ನಮ್ಮವರ ಕಣ್ಣಿನಲ್ಲಿ ಪೊರೆ ಬಂದಿತ್ತು, ಅಷ್ಟೆ. ಶ್ರಾವಣದಲ್ಲಿ ವಿಜಯಪುರದಲ್ಲೇ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೂರನೆಯ ದಿನ ಅವರು ಒಬ್ಬರೇ ಶೆಡ್ಡಿನಲ್ಲಿ ಕುಳಿತು ಆ ಬಾಕ್ಸುಗಳಿಗೆ ಕೈ ಹಾಕಿ ಹಿಡಿ ಹಿಡಿ ತೆಗೆದು ನೋಡುತ್ತಿದ್ದರು. ನಾನು ಹೋದಾಗ ಮುಖ ಎತ್ತಲಿಲ್ಲ. ಅಕಿ ಇರದಿದ್ದರ ಎರಡ ವರ್ಷದ ಮಾಲೆಲ್ಲಾ ಹಿಂಗ ಇರ್ತಿತ್ತು ಎಂದರು. ಆ ಮಧ್ಯಾಹ್ನವೇ ಇಬ್ಬರೂ ಇಟ್ಟಂಗಿಹಾಳಕ್ಕೆ ಹೋದೆವು.

ಅವಳು ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬರ್ರಿ ಎಂದಳು, ನೀರು ಕೊಟ್ಟಳು, ಮತ್ತೆ ಮೊರ ಎತ್ತಿಕೊಂಡಳು. ನಾನು ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಅಂದೆ. ಹರಳು ಆರಿಸುವ ಬೆರಳು ನಿಲ್ಲಲಿಲ್ಲ. ನಮ್ಮವರು ಮಾತು ಶುರು ಮಾಡಿದರು, ಅವಳು ಅವರನ್ನು ತಡೆದಳು.

"ಇಲ್ಲಿ ಹೇಳಿದ್ರ ನಮ್ಮ ಮನಿ ಗ್ವಾಡಿ ಅಷ್ಟ ಕೇಳ್ತಾವ್ರಿ ವೈನಿ. ಬಸ್ಸಿನ್ಯಾಗ ನಾ ಹೋಗಿ ಕುಂತ್ರ ಬಾಜೂದಾಕಿ ಚೀಲಾ ಎತ್ತಿ ತೊಡಿ ಮ್ಯಾಲ ಇಟ್ಕೊಂತಾಳ. ಅಲ್ಲಿ ಹೇಳ್ರಿ."

ಅವಳ ಮುಖ ನೋಡಿದೆ. ಹಳೆಯ ಚಟ. ಅಲ್ಲಿ ನನಗೆ ಏನೂ ಸಿಗಲಿಲ್ಲ, ಜೋಳದ ಮೇಲಿನ ಗಮನ ಮಾತ್ರ.

ಇಟ್ಟಂಗಿಹಾಳದ ಹೆಂಗಸರು ತೋಟದ ಕೆಲಸಕ್ಕೆ ಹತ್ತುವ ಬೆಳಗಿನ ಬಸ್ಸು ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ನಿಲ್ಲಲು ಹಿಡಿಯುವ ಕಂಬಿ ಯಾವುದು ಸಡಿಲ ಎಂಬುದೂ ಗೊತ್ತು. ಎರಡು ದಿನ ಬಿಟ್ಟು ನಾವಿಬ್ಬರೂ ಹತ್ತಿದೆವು. ನಮ್ಮವರು ಕರಿ ಚಷ್ಮಾ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಅವಳು ನಡುವಿನ ಸೀಟಿನಲ್ಲಿ ಕಿಟಕಿಯ ಬದಿ. ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು, ಬುತ್ತಿಯ ಚೀಲ ತೊಡೆಯ ಮೇಲೆ, ಎರಡೂ ಕೈ ಅದರ ಮೇಲೆ. ಅವಳು ಅಂಗಳದಲ್ಲಿ ಹೇಳಿದ್ದು ಸುಳ್ಳಾಗಿರಲಿ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ.

ಇಪ್ಪತ್ತಾರು ವರ್ಷ ಕೂಗಿದ ಜಾಗದಲ್ಲಿ ನಿಂತು ಆ ಸಡಿಲ ಕಂಬಿಯನ್ನೇ ಹಿಡಿದೆ. ಈಗಿನ ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದುಕೊಂಡು ನನ್ನನ್ನು ಅನುಮಾನದಿಂದ ನೋಡಿದ. ಕೊನೆಗೆ ಹೇಳಿದೆ, ಅಕ್ಕಂಗೇರಾ ಕೇಳ್ರಿ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಇವಳು ಏನೂ ಕದ್ದಿಲ್ಲ, ನಮ್ಮವರ ಕಣ್ಣು ಕಾಣುತ್ತಿರಲಿಲ್ಲ, ಅವರ ತಪ್ಪನ್ನು ಇವಳು ಮುಚ್ಚುತ್ತಿದ್ದಳು, ನಾನು ನೋಡದೆ ಕಳ್ಳಿ ಅಂದೆ. ಹಿಂದಿನ ಸೀಟಿನಿಂದ ಯಾರೋ, ಅವತ್ತು ನಿಮ್ಮ ಯಜಮಾನರು ಅಲ್ಲೇ ಇದ್ದರಲ್ಲ ಎಂದು ಕೇಳಿದರು. ನಮ್ಮವರು ಕಂಬಿ ಹಿಡಿದು ಎದ್ದು ನಿಂತು ಹಿಂದಕ್ಕೆ ತಿರುಗಿದರು.

"ಇದ್ನಿ" ಎಂದರು. "ಬಾಯಿ ಬಿಡಲಿಲ್ಲ. ಅಂಜಿಕಿ ಇತ್ತು."

ಬಸ್ಸು ಒಂದು ಗುಂಡಿ ಇಳಿದು ಹತ್ತಿತು. ಆ ವಯಸ್ಸಾದ ಹೆಂಗಸು ತೊಡೆಯ ಮೇಲಿನ ಬುತ್ತಿ ಚೀಲವನ್ನು ಇಳಿಸಿ ಇಬ್ಬರ ಕಾಲುಗಳ ನಡುವೆ ಇಟ್ಟಳು. ಕಿಟಕಿಯ ಬದಿ ಕುಳಿತವಳು ಮುಖ ತಿರುಗಿಸಲಿಲ್ಲ. ಟಿಕೋಟಾದಲ್ಲಿ ಇಳಿದು ಬೇರೆಯವರ ತೋಟದ ಕಡೆ ನಡೆದುಹೋದಳು. ನಮ್ಮ ಜೊತೆ ಬರುತ್ತಾಳೆ ಎಂದುಕೊಂಡಿದ್ದ ನಾನು ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ನಿಂತಿದ್ದೆ.

ಈ ವರ್ಷ ಶಿವರಾತ್ರಿಯಾದ ಮೇಲೆ, ಮೊದಲ ಹಣ್ಣು ಒಣಗಿದ ದಿನ, ಅವಳು ತಾನಾಗಿ ಬಂದಳು. ನಮ್ಮವರು ತಮ್ಮ ಜಾಗದಿಂದ ಎದ್ದು ಕೊನೆಯ ನೋಟಕ್ಕೆ ಅವಳನ್ನು ಕೂರಿಸಿದರು, ತಾವು ಅವಳ ಪಕ್ಕ ಕುಳಿತರು. ನಾನು ಎಂದಿನಂತೆ ಬಾಗಿಲಿಗೆ ಹೋಗಿ ನಿಂತಿದ್ದೆ, ಗೊತ್ತಿಲ್ಲದೆಯೇ. ಅವಳು ಮೊದಲ ಟ್ರೇಯನ್ನು ಎತ್ತಿ ಬಾಗಿಲ ಕಡೆ ಹಿಡಿದಳು, ಕಣ್ಣು ಕಿರಿದು ಮಾಡಿದಳು, ಟ್ರೇ ಇಳಿಸಿ ನನ್ನನ್ನು ನೋಡಿದಳು.

"ವೈನಿ, ಬಾಗಲಾಗ ನಿಂದ್ರಬ್ಯಾಡ್ರಿ" ಎಂದಳು. "ಬೆಳಕಿಗೆ ಅಡ್ಡ ಆಗಾಕತ್ತೀರಿ."

ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತೆ.